ಗ್ಲೌಸ್ ಕೊಳ್ಳೋದಾ, ಯಂತ್ರಕ್ಕೆ ಗಾರ್ಡ್ ಹಾಕಿಸೋದಾ? ಕೆಲಸದ ಜಾಗದ ಗಾಯ, ಪರಿಹಾರದ ಖರ್ಚು ಎರಡೂ ಇಳಿಯಬೇಕಾದರೆ ಯಾವುದು ಮೊದಲು

ಯಾರಾದರೂ ಕೈ ಕೊಯ್ದುಕೊಂಡರೆ ಮರುದಿನವೇ ಆಫೀಸಿನಿಂದ ಗ್ಲೌಸ್ ಆರ್ಡರ್ ಹೋಗುತ್ತದೆ. ಬೆನ್ನು ಹಿಡಿದುಕೊಂಡರೆ ಬೆನ್ನಿನ ಬೆಲ್ಟ್. ಜಾರಿ ಬಿದ್ದರೆ 'ಎಚ್ಚರಿಕೆ' ಅಂತ ಒಂದು ಹಳದಿ ಬೋರ್ಡ್. ಆರು ತಿಂಗಳು ಬಿಟ್ಟು ಅದೇ ಜಾಗದಲ್ಲಿ ಇನ್ನೊಬ್ಬರು ಬೀಳುತ್ತಾರೆ, ಬೋರ್ಡ್ ಪಕ್ಕದಲ್ಲೇ ನಿಂತಿರುತ್ತದೆ.

ನಾನು ಮೊದಲು ಪ್ಯಾಕಿಂಗ್ ಸೆಕ್ಷನ್‌ನಲ್ಲಿ ಸೂಪರ್‌ವೈಸರ್ ಆಗಿದ್ದೆ. ಆಮೇಲೆ ಅಪಘಾತದ ರಿಜಿಸ್ಟರ್, ಇನ್ಶೂರೆನ್ಸ್ ಕ್ಲೇಮ್ ಫೈಲು ಎರಡೂ ನನ್ನ ತಲೆಗೇ ಬಂದವು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ನನಗೆ ಒಂದು ಪ್ರಶ್ನೆ ಅಭ್ಯಾಸವಾಗಿಬಿಟ್ಟಿದೆ. ಯಾವ ಉಪಾಯಕ್ಕೇ ದುಡ್ಡು ಹಾಕುವ ಮೊದಲು ಇದನ್ನು ಕೇಳುತ್ತೇನೆ: ಇದು ಕೆಲಸಕ್ಕೆ ಬರಬೇಕಾದರೆ ಯಾರಾದರೂ ನೆನಪಿಟ್ಟುಕೊಳ್ಳಬೇಕಾ? ಪಾಳಿಯ ಕೊನೆಯ ಗಂಟೆ, ಲೋಡ್ ತಡವಾಗಿದೆ, ಮೇಲಿನವರು ಕೂಗುತ್ತಿದ್ದಾರೆ, ಮನೆಯಲ್ಲಿ ಮಗುವಿಗೆ ಜ್ವರ. ಆ ಹೊತ್ತಿನಲ್ಲೂ ಅವನು ನೆನಪಿಟ್ಟುಕೊಳ್ಳಬೇಕು ಅಂತಾದರೆ ಆ ಉಪಾಯ ಅಗ್ಗವಾಗಿರಬಹುದು, ಗಟ್ಟಿಯಲ್ಲ.

ಕೆಳಗಿನ ಹೋಲಿಕೆಗಳನ್ನೆಲ್ಲ ಈ ಪ್ರಶ್ನೆಯಿಂದಲೇ ನೋಡಿದ್ದೇನೆ. ಇನ್ಶೂರೆನ್ಸ್ ವಿಷಯ ಕೊನೆಯಲ್ಲಿದೆ. ಅಲ್ಲಿಂದ ಶುರು ಮಾಡುವವರೇ ಜಾಸ್ತಿ, ಅದಕ್ಕೇ ಕೊನೆಗೆ ಇಟ್ಟೆ.

ಮೊದಲು ರಿಜಿಸ್ಟರ್ ತೆಗೆಯಿರಿ

ಹಿಂದಿನ ಮೂರು ವರ್ಷದ್ದು ಸಾಕು. ನಾನು ಮೊದಲ ಸಲ ತೆಗೆದಾಗ 'ಕಾರಣ' ಅನ್ನುವ ಕಾಲಂ ತುಂಬ ಒಂದೇ ಪದ ಇತ್ತು: ಅಜಾಗರೂಕತೆ. ಪಕ್ಕದ ಕಾಲಂನಲ್ಲಿ 'ಕ್ರಮ': ಎಚ್ಚರಿಕೆ ನೀಡಲಾಗಿದೆ. ಪುಟ ತಿರುಗಿಸಿದರೂ ಅದೇ. ಅಷ್ಟೂ ಜನ ಒಂದೇ ಯಂತ್ರದ ಮುಂದೆ, ಒಂದೇ ಬೆರಳಿನ ವಿಷಯದಲ್ಲಿ ಅಜಾಗರೂಕರಾಗಿದ್ದರು!

ಆ ಕಾಲಂ ಬಿಟ್ಟುಬಿಡಿ. ಯಾವ ಜಾಗ, ಯಾವ ಯಂತ್ರ, ದೇಹದ ಯಾವ ಭಾಗ, ಎಷ್ಟು ಗಂಟೆಗೆ, ಕೆಲಸಕ್ಕೆ ಸೇರಿ ಎಷ್ಟು ದಿನವಾಗಿತ್ತು. ಈ ಐದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೆಚ್ಚಿನ ಕಡೆ ಎರಡೋ ಮೂರೋ ಗುಂಪು ತಾನಾಗಿ ಎದ್ದು ಕಾಣುತ್ತದೆ. ನಿಮ್ಮಲ್ಲಿ ಬೆನ್ನಿನ ಗಾಯಗಳೇ ಮುಕ್ಕಾಲು ಪಾಲು ಇದ್ದರೆ ಕೈಗೆ ಗ್ಲೌಸ್ ತರಿಸುವುದು ವೇಸ್ಟ್, ಎಷ್ಟೇ ಒಳ್ಳೆ ಗ್ಲೌಸ್ ಆಗಿರಲಿ.

ಗ್ಲೌಸ್, ಗಾರ್ಡ್, ಅಥವಾ ಆ ಕೆಲಸವನ್ನೇ ತೆಗೆದುಹಾಕುವುದು

ಸುರಕ್ಷತೆಯ ಪಾಠದಲ್ಲಿ ಒಂದು ಏಣಿ ಇದೆ. ಎಲ್ಲಕ್ಕಿಂತ ಮೇಲೆ ಅಪಾಯವನ್ನೇ ಇಲ್ಲವಾಗಿಸುವುದು. ಅದರ ಕೆಳಗೆ ಕಡಿಮೆ ಅಪಾಯದ್ದಕ್ಕೆ ಬದಲಾಯಿಸುವುದು. ಆಮೇಲೆ ಯಂತ್ರದ ಅಪಾಯದ ಭಾಗಕ್ಕೆ ಕೈ ಹೋಗದಂತೆ ತಡೆಯುವ ಗಾರ್ಡ್, ಸೆನ್ಸರ್‌ನಂಥ ಯಾಂತ್ರಿಕ ತಡೆ, ಆಮೇಲೆ ನಿಯಮ ಮತ್ತು ತರಬೇತಿ. ಹೆಲ್ಮೆಟ್, ಗ್ಲೌಸ್, ಕನ್ನಡಕ ಎಲ್ಲ ಕಟ್ಟಕಡೆಗೆ. ಅಂಗಡಿಗೆ ಹೋದರೆ ಸುಲಭವಾಗಿ ಸಿಗುವುದು ಮಾತ್ರ ತಲೆಕೆಳಗಿನ ಕ್ರಮದಲ್ಲಿ, ಅಲ್ವಾ?

ಗ್ಲೌಸ್ ಬೇಡ ಅನ್ನುತ್ತಿಲ್ಲ. ಶೀಟ್ ಮೆಟಲ್ ಎತ್ತುವವನಿಗೆ, ಗಾಜು ಹಿಡಿಯುವವನಿಗೆ ಬೇಕೇ ಬೇಕು. ಆದರೆ ಅದೇ ಗ್ಲೌಸ್ ಡ್ರಿಲ್ಲಿಂಗ್ ಮಷಿನ್ ಮುಂದೆ ಶತ್ರು. ತಿರುಗುವ ಬಿಟ್ ಬರೀ ಬೆರಳಿಗೆ ತಾಗಿದರೆ ಚರ್ಮ ಹರಿಯುತ್ತದೆ. ಗ್ಲೌಸಿನ ದಾರ ಸುತ್ತಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ, ಬಿಡಿಸಿಕೊಳ್ಳುವಷ್ಟು ಸಮಯವೇ ಇರುವುದಿಲ್ಲ. ಎಲ್ಲರಿಗೂ ಒಂದೇ ಥರ ಗ್ಲೌಸ್ ಹಂಚಿ ಫೋಟೊ ತೆಗೆಸಿಕೊಳ್ಳುವ ಮೊದಲು ಇದನ್ನು ನೋಡಬೇಕು.

ಪ್ರೆಸ್ ಮಷಿನ್‌ಗೆ ಎರಡು ಕೈಯ ಬಟನ್ ಹಾಕಿಸುತ್ತಾರೆ. ಎರಡೂ ಕೈ ಬಟನ್ ಮೇಲಿದ್ದರೆ ಮಾತ್ರ ಪ್ರೆಸ್ ಇಳಿಯುತ್ತದೆ. ಒಳ್ಳೆಯದೇ. ಆದರೆ ಬಟನ್ ಎಷ್ಟು ದೂರ ಇರಬೇಕು ಅಂತ ಕೇಳಿದರೆ 'ಇಲ್ಲಿ ಜಾಗ ಇತ್ತು, ಹಾಕಿದೆವು' ಅನ್ನುತ್ತಾರೆ. ಇದಕ್ಕೆ ಲೆಕ್ಕ ಇದೆ. ಅಮೆರಿಕದ ನಿಯಮದಲ್ಲಿ ಕೈ ಚಲಿಸುವ ವೇಗವನ್ನು ಸೆಕೆಂಡಿಗೆ 63 ಇಂಚು, ಅಂದರೆ ಸುಮಾರು 1.6 ಮೀಟರ್ ಅಂತ ಹಿಡಿಯುತ್ತಾರೆ. ಕೈ ಬಟನ್ ಬಿಟ್ಟು, ನಿಲ್ಲಿಸುವ ಸಿಗ್ನಲ್ ಮಷಿನ್‌ಗೆ ಹೋದ ಮೇಲೆ ಅದು ಪೂರ್ತಿ ನಿಲ್ಲಲು 0.3 ಸೆಕೆಂಡ್ ಬೇಕಾದರೆ, ಅಷ್ಟರಲ್ಲಿ ಕೈ 48 ಸೆಂಟಿಮೀಟರ್ ದೂರ ಹೋಗಿಬಿಡಬಹುದು. ನಿಮ್ಮ ಬಟನ್ ಡೈಯಿಂದ, ಅಂದರೆ ಪ್ರೆಸ್ ಒತ್ತುವ ಅಚ್ಚಿನಿಂದ, 30 ಸೆಂಟಿಮೀಟರ್ ದೂರದಲ್ಲಿದ್ದರೆ ಅದು ಗಾರ್ಡ್ ಅಲ್ಲ, ಗಾರ್ಡಿನ ಗೊಂಬೆ. ಬ್ರೇಕ್ ಸವೆದ ಹಾಗೆ ಆ 0.3 ಕೂಡ ಬೆಳೆಯುತ್ತಾ ಹೋಗುತ್ತದೆ. ಅದಕ್ಕೇ ನಿಲ್ಲುವ ಸಮಯವನ್ನು ಆಗಾಗ ಅಳೆಯಬೇಕು.

ಗಾರ್ಡ್ ಆರಿಸುವಾಗ ಇನ್ನೊಂದು. ಒಂದು ಪಾಳಿಯಲ್ಲಿ ಹತ್ತು ಸಲ ಜಾಮ್ ಆಗುವ ಯಂತ್ರಕ್ಕೆ ಸ್ಪ್ಯಾನರ್ ಹಿಡಿದು ಬಿಚ್ಚಬೇಕಾದ ಗಾರ್ಡ್ ಹಾಕಿಸಿದರೆ, ಒಂದು ವಾರದಲ್ಲಿ ಆ ಗಾರ್ಡ್ ಯಂತ್ರದ ಹಿಂದೆ ಗೋಡೆಗೆ ಒರಗಿರುತ್ತದೆ. ಬೈದು ಪ್ರಯೋಜನವಿಲ್ಲ. ಒಂದೋ ಜಾಮ್ ಆಗುವುದನ್ನು ಸರಿ ಮಾಡಿ, ಇಲ್ಲವೇ ತೆಗೆದ ಕೂಡಲೇ ಯಂತ್ರ ನಿಲ್ಲುವ ಇಂಟರ್‌ಲಾಕ್ ಇರುವ, ಕೈಯಲ್ಲೇ ತೆರೆಯುವ ಗಾರ್ಡ್ ಹಾಕಿಸಿ. ಆರ್ಡರ್ ಕೊಡುವ ಮೊದಲು ಆ ಯಂತ್ರ ನಡೆಸುವವರನ್ನು ಕೇಳಿ. ಅವರಿಗೆ ಇಷ್ಟವಾಗದ ಗಾರ್ಡ್‌ಗೆ ಆಯಸ್ಸು ಕಮ್ಮಿ.

ರಿಪೇರಿ ಸಮಯದ ಗಾಯಗಳು ಬೇರೆಯದೇ ಕಥೆ. ಒಳಗೆ ಕೈ ಹಾಕಿದಾಗ ಆ ಕಡೆಯಿಂದ ಯಾರೋ ಸ್ವಿಚ್ ಒತ್ತುತ್ತಾರೆ. 'ಕೆಲಸ ನಡೆಯುತ್ತಿದೆ' ಅಂತ ಬೋರ್ಡ್ ತೂಗುಹಾಕುವುದು ಒಂದು ದಾರಿ, ಮೇನ್ ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ಒಳಗೆ ಕೈ ಹಾಕುವವನೇ ಜೇಬಿನಲ್ಲಿಟ್ಟುಕೊಳ್ಳುವುದು ಇನ್ನೊಂದು. ಇಲ್ಲಿ ನನಗೆ ಯೋಚಿಸುವುದಕ್ಕೇ ಏನೂ ಇಲ್ಲ. ಬೀಗ. ಇಬ್ಬರು ಕೆಲಸ ಮಾಡುತ್ತಿದ್ದರೆ ಎರಡು ಬೀಗ. ಖರ್ಚಿಗೆ ಹೋಲಿಸಿದರೆ ಇಷ್ಟು ಲಾಭ ಕೊಡುವ ಇನ್ನೊಂದು ವಸ್ತು ನಾನು ಕಂಡಿಲ್ಲ.

ಬೆನ್ನಿಗೆ ಬೆಲ್ಟಾ, ತರಬೇತಿಯಾ, ಟೇಬಲ್ಲಾ?

ಬೆಲ್ಟ್ ಬಗ್ಗೆ ಬೇಗ ಮುಗಿಸುತ್ತೇನೆ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆ ನಯೋಶ್ 1994ರಲ್ಲೇ, ಆರೋಗ್ಯವಾಗಿರುವ ಕೆಲಸಗಾರರಿಗೆ ಗಾಯ ತಪ್ಪಿಸಲು ಈ ಬೆಲ್ಟ್ ಕೊಡುವುದನ್ನು ತಾನು ಶಿಫಾರಸು ಮಾಡುವುದಿಲ್ಲ ಎಂದಿತ್ತು. 2000ದಲ್ಲಿ ಪ್ರಕಟವಾದ ಅವರದೇ ದೊಡ್ಡ ಅಧ್ಯಯನದಲ್ಲಿ ಅಂಗಡಿಗಳಲ್ಲಿ ಸಾಮಾನು ಎತ್ತುವ ಒಂಬತ್ತು ಸಾವಿರಕ್ಕೂ ಜಾಸ್ತಿ ನೌಕರರನ್ನು ಗಮನಿಸಿದ್ದರು. ಬೆಲ್ಟ್ ಹಾಕಿದವರಿಗೂ ಹಾಕದವರಿಗೂ ಬೆನ್ನಿನ ಕ್ಲೇಮ್‌ನಲ್ಲಿ ವ್ಯತ್ಯಾಸ ಸಿಗಲಿಲ್ಲ. ಆದರೂ ಮಾರಾಟ ನಡೆದೇ ಇದೆ.

'ಮಂಡಿ ಬಗ್ಗಿಸಿ ಎತ್ತಿ' ತರಬೇತಿ? ಇದನ್ನು ಬರೆಯಲು ನನಗೂ ಬೇಜಾರು, ಯಾಕೆಂದರೆ ಆ ಕ್ಲಾಸನ್ನು ನಾನೇ ಎಷ್ಟೋ ಸಲ ತೆಗೆದುಕೊಂಡಿದ್ದೇನೆ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2011ರ ಪರಾಮರ್ಶೆ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. ಎತ್ತುವ ವಿಧಾನದ ಸಲಹೆ, ತರಬೇತಿಯಿಂದ ಬೆನ್ನುನೋವು ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ತರಬೇತಿಯ ಜೊತೆಗೆ ಎತ್ತುವ ಉಪಕರಣ ಕೊಟ್ಟ ಕಡೆಯೂ ಚಿತ್ರ ಬದಲಾಗಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಟ್ರಾಲಿ ಮೂಲೆಯಲ್ಲಿರುತ್ತದೆ, ಅದನ್ನು ತರಲು ನಡೆಯುವ ಹೊತ್ತಿಗೆ ಮೂರು ಪೆಟ್ಟಿಗೆ ಎತ್ತಿ ಆಗಿರುತ್ತದೆ.

ಹಾಗಾದರೆ ಏನು? ಭಾರ ಎಲ್ಲಿದೆ ಅನ್ನುವುದನ್ನೇ ಬದಲಿಸುವುದು. ನಯೋಶ್‌ನ 1991ರ ಎತ್ತುವ ಸೂತ್ರ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಎಲ್ಲ ಅನುಕೂಲವೂ ಇದ್ದಾಗ, ಅಂದರೆ ಭಾರ ಮೈಗೆ ಹತ್ತಿರ, ಸೊಂಟದ ಸುಮಾರಿನ ಎತ್ತರ, ತಿರುಚುವಂತಿಲ್ಲ, ಹಿಡಿ ಚೆನ್ನಾಗಿದೆ, ಆಗಲೂ ಮಿತಿ 23 ಕಿಲೋ. ಈಗ ಅದೇ ಪೆಟ್ಟಿಗೆ ಸರಕು ಪೇರಿಸುವ ಅಡಿಹಲಗೆಯ, ಅಂದರೆ ಪ್ಯಾಲೆಟ್‌ನ ಆಚೆ ಬದಿಯಲ್ಲಿದೆ, ಕಾಲಿನಿಂದ ಕೈಗೆ 50 ಸೆಂಟಿಮೀಟರ್ ದೂರ. ಮಿತಿ ಅಲ್ಲಿಗೇ ಅರ್ಧ, 11.5 ಕಿಲೋ. ಅದು ನೆಲದ ಮಟ್ಟದಲ್ಲೂ ಇದ್ದರೆ ಸುಮಾರು 9 ಕಿಲೋ. ಅದರ ಜೊತೆಗೆ ಮೈ ತಿರುಚಿಕೊಂಡು ನಿಮಿಷಕ್ಕೆ ಐದಾರು ಸಲ ಎತ್ತಿದರೆ ಇನ್ನೂ ಇಳಿಯುತ್ತದೆ. ಪೆಟ್ಟಿಗೆಯ ಮೇಲೆ '15 ಕಿಲೋ, ಒಬ್ಬರು ಎತ್ತಬಹುದು' ಅಂತ ಬರೆದಿರುತ್ತದೆ, ನಾವು ನಂಬಿರುತ್ತೇವೆ.

ಹಾಗಾಗಿ ಪ್ಯಾಲೆಟ್ ಕೆಳಗೆ ಮೇಲಕ್ಕೆ ಏರುವ, ಸುತ್ತಲೂ ತಿರುಗುವ ಟೇಬಲ್ ಒಂದಿದ್ದರೆ ಆ ಎರಡೂ ತೊಂದರೆ ಒಟ್ಟಿಗೆ ಹೋಗುತ್ತವೆ. ಯಾರೂ ಹೋಗಿ ತರಬೇಕಿಲ್ಲ, ಅದು ಭಾರದ ಕೆಳಗೇ ಇರುತ್ತದೆ. ದುಡ್ಡಿಲ್ಲವೇ? ಖಾಲಿ ಪ್ಯಾಲೆಟ್ ಎರಡು ಮೂರು ಒಂದರ ಮೇಲೊಂದು ಗಟ್ಟಿಯಾಗಿ ಜೋಡಿಸಿ ಅದರ ಮೇಲೆ ಲೋಡ್ ಇಡಿ, ಪ್ಯಾಲೆಟ್‌ನ ನಾಲ್ಕೂ ಬದಿಗೆ ಓಡಾಡಲು ಜಾಗ ಬಿಡಿ. ನಮ್ಮಲ್ಲಿ ಮಾಡಿದ್ದೂ ಮೊದಲು ಅದನ್ನೇ. ಗೋಡೆಗೆ ಒತ್ತಿ ಇಡುತ್ತಿದ್ದ ಪ್ಯಾಲೆಟ್ಟನ್ನು ಒಂದು ಮೀಟರ್ ಈಚೆಗೆ ಎಳೆದದ್ದಕ್ಕೆ ಯಾರೂ ಬಿಲ್ ಕೊಡಲಿಲ್ಲ.

ತರಬೇತಿ ಎಲ್ಲರಿಗಾ, ಹೊಸಬರಿಗಾ?

ವರ್ಷಕ್ಕೊಮ್ಮೆ ಎಲ್ಲರನ್ನೂ ಕೂರಿಸಿ ಎರಡು ಗಂಟೆ ಸ್ಲೈಡ್ ತೋರಿಸುವುದಕ್ಕೂ, ಹೊಸದಾಗಿ ಬಂದವನ ಜೊತೆ ಮೊದಲ ತಿಂಗಳು ಒಬ್ಬ ಅನುಭವಿಯನ್ನು ನಿಲ್ಲಿಸುವುದಕ್ಕೂ ಆಯ್ಕೆ ಇದ್ದರೆ ಎರಡನೆಯದನ್ನೇ ತೆಗೆದುಕೊಳ್ಳಿ. ಕೆನಡಾದಲ್ಲಿ ಪರಿಹಾರದ ಕ್ಲೇಮ್‌ಗಳನ್ನು ಇಟ್ಟುಕೊಂಡು ಮಾಡಿದ ಸಂಶೋಧನೆಯಲ್ಲಿ, ಸೇರಿದ ಮೊದಲ ತಿಂಗಳಲ್ಲಿ ರಜೆ ಹಾಕುವಂಥ ಗಾಯದ ಅಪಾಯ ವರ್ಷ ದಾಟಿದವರಿಗಿಂತ ಮೂರು ಪಟ್ಟಿಗೂ ಜಾಸ್ತಿ ಕಂಡಿದೆ. ವಯಸ್ಸು ಇಲ್ಲಿ ನೆಪ. ಐವತ್ತು ವರ್ಷದವರೂ ಹೊಸ ಜಾಗದಲ್ಲಿ ಹೊಸಬರೇ. ಬೇರೆ ಸೆಕ್ಷನ್‌ನಿಂದ ಒಂದು ದಿನದ ಮಟ್ಟಿಗೆ ಎಳೆದು ತಂದವರೂ ಅಷ್ಟೇ.

ಗಾಯವಿಲ್ಲದ ತಿಂಗಳಿಗೆ ಬೋನಸ್?

ಇದು ಕೇಳಲು ಚೆನ್ನಾಗಿದೆ. ತಿಂಗಳು ಪೂರ್ತಿ ಯಾರಿಗೂ ಗಾಯ ಆಗದಿದ್ದರೆ ಇಡೀ ಪಾಳಿಗೆ ಬೋನಸ್. ನಾನು ಕೆಲಸ ಮಾಡಿದ ಒಂದು ಕಡೆ ಇದನ್ನು ತಂದರು. ಮೂರೇ ತಿಂಗಳಲ್ಲಿ ಸಂಖ್ಯೆ ಸೊನ್ನೆಗೆ ಇಳಿಯಿತು, ಬೋರ್ಡಿನ ಮೇಲೆ ಹಸಿರು ಅಂಕಿ ಬಂತು, ಎಲ್ಲರೂ ಖುಷಿ.

ನಾಲ್ಕನೇ ತಿಂಗಳು ಕಟ್ಟಿಂಗ್ ಟೇಬಲ್‌ನ ಹುಡುಗನೊಬ್ಬ ಎಡಗೈಗೆ ಮಾತ್ರ ಗ್ಲೌಸ್ ಹಾಕಿಕೊಂಡು ಓಡಾಡುತ್ತಿದ್ದ. ಊಟದ ಹೊತ್ತಿನಲ್ಲೂ ತೆಗೆಯುತ್ತಿರಲಿಲ್ಲ. ಕೇಳಿದರೆ 'ಚಳಿ ಸರ್' ಅಂದ. ಸೆಕೆಯ ಕಾಲ ಅದು. ಬಿಚ್ಚಿಸಿದಾಗ ಹೆಬ್ಬೆರಳಿನ ಬುಡದಲ್ಲಿ ಐದು ದಿನದ ಗಾಯ, ಮೇಲೆ ಪ್ಯಾಕಿಂಗ್ ಟೇಪ್ ಸುತ್ತಿದ್ದ. ಒಳಗೆ ಕೀವು. ಅವತ್ತೇ ಬಂದಿದ್ದರೆ ನಾಲ್ಕು ಹೊಲಿಗೆಯಲ್ಲಿ ಮುಗಿಯುತ್ತಿತ್ತು. ಈಗ ಅಡ್ಮಿಟ್, ಸರ್ಜರಿ, ವಾರಗಟ್ಟಲೆ ರಜೆ. 'ನನ್ನೊಬ್ಬನಿಂದ ಹನ್ನೆರಡು ಜನರ ಬೋನಸ್ ಹೋಗುತ್ತಲ್ಲ' ಅಂದ ಅವನು. ತಪ್ಪು ಅವನದ್ದು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ.

ಗಾಯದ ಸಂಖ್ಯೆ ಇಳಿಯಲು ಎರಡು ದಾರಿ ಇವೆ: ಗಾಯ ಕಮ್ಮಿಯಾಗುವುದು, ಹೇಳುವುದು ಕಮ್ಮಿಯಾಗುವುದು. ಬೋನಸ್ ಎರಡನೆಯದನ್ನು ಕೊಂಡುಕೊಳ್ಳುತ್ತದೆ. ಬಹುಮಾನ ಕೊಡಲೇಬೇಕೆಂದಿದ್ದರೆ 'ಸ್ವಲ್ಪದರಲ್ಲಿ ತಪ್ಪಿತು' ಅನ್ನುವ ಘಟನೆ ತಿಳಿಸಿದವರಿಗೆ ಕೊಡಿ. ಆದರೆ ಒಂದು ಷರತ್ತು. ತಿಳಿಸಿದ ವಿಷಯಕ್ಕೆ ಒಂದು ವಾರದೊಳಗೆ ಏನಾಯಿತು ಅಂತ ಹೇಳಬೇಕು, ಆಗುವುದಿಲ್ಲ ಅಂತಾದರೆ ಯಾಕೆ ಆಗುವುದಿಲ್ಲ ಅಂತಲಾದರೂ. ಡಬ್ಬಿಯಲ್ಲಿ ಹಾಕಿದ ಚೀಟಿಗೆ ಎರಡು ಸಲ ಉತ್ತರ ಬರದಿದ್ದರೆ ಮೂರನೇ ಚೀಟಿ ಬೀಳುವುದಿಲ್ಲ.

ಇನ್ನೊಂದು ಎಚ್ಚರಿಕೆ. ಹೀಗೆ ಮಾಡಿದ ಮೊದಲ ವರ್ಷ ನಿಮ್ಮ ಸಂಖ್ಯೆ ಏರುತ್ತದೆ. ಮೇಲಿನವರಿಗೆ ಮುಂಚೆಯೇ ಹೇಳಿಟ್ಟಿರಿ.

ಗಾಯವಾದ ಮೇಲೆ: ಪೂರ್ತಿ ವಾಸಿಯಾಗುವವರೆಗೆ ಮನೆಯಾ, ಹಗುರ ಕೆಲಸವಾ?

ಗಾಯ ಆಗಿಹೋಯಿತು. ಇನ್ನು ಅದು ಸಣ್ಣ ಕ್ಲೇಮ್ ಆಗುತ್ತದೋ ದೊಡ್ಡದೋ ಅನ್ನುವುದು ಗಾಯಕ್ಕಿಂತ ಮುಂದಿನ ಕೆಲವು ದಿನಗಳ ಮೇಲೆ ನಿಂತಿರುತ್ತದೆ. ಅನೇಕ ಮಾಲೀಕರು 'ನೂರಕ್ಕೆ ನೂರು ಗುಣವಾದ ಮೇಲೆ ಬಾ' ಅನ್ನುತ್ತಾರೆ. ಕಾಳಜಿಯ ಮಾತೇ ಅದು. ಆದರೆ ಮನೆಯಲ್ಲಿ ಕೂತಷ್ಟೂ ವಾಪಸ್ ಬರುವುದು ಕಷ್ಟವಾಗುತ್ತದೆ. ಸಾಮಾನ್ಯ ಬೆನ್ನುನೋವಿಗಂತೂ ಮಲಗಿರುವುದಕ್ಕಿಂತ ಓಡಾಡಿಕೊಂಡಿರುವುದೇ ಒಳ್ಳೆಯದು ಅಂತ ವೈದ್ಯರ ಮಾರ್ಗಸೂಚಿಗಳು ಹೇಳುತ್ತವೆ. ಮನೆಯಲ್ಲಿದ್ದವನಿಗೆ ಸಂಬಳದ ಭಾಗ ಕೊಡಬೇಕು, ಅವನ ಜಾಗಕ್ಕೆ ಬಂದವನಿಗೂ ಕೊಡಬೇಕು. ಆಸ್ಪತ್ರೆ ಖರ್ಚಷ್ಟೇ ಇರುವ ಕ್ಲೇಮನ್ನು ಕೆಲವು ಕಡೆ ಇನ್ಶೂರೆನ್ಸ್ ಲೆಕ್ಕದಲ್ಲೂ ಹಗುರವಾಗಿ ನೋಡುತ್ತಾರೆ. ಅಮೆರಿಕದ ಹೆಚ್ಚಿನ ರಾಜ್ಯಗಳ ಪ್ರೀಮಿಯಂ ಸೂತ್ರದಲ್ಲಿ ಅಂಥ ಕ್ಲೇಮ್‌ನ 30 ಶೇಕಡಾ ಮಾತ್ರ ಲೆಕ್ಕಕ್ಕೆ ಬರುತ್ತದೆ. ಸಂಬಳ ನಷ್ಟವೂ ಸೇರಿತೋ, ಪೂರ್ತಿ ಬರುತ್ತದೆ.

ಹಾಗಂತ ಹಗುರ ಕೆಲಸ ಅಂದರೆ ಗೇಟಿನ ಹತ್ತಿರ ಸುಮ್ನೆ ಕುರ್ಚಿ ಹಾಕಿ ಕೂರಿಸುವುದಲ್ಲ. ಅದು ಶಿಕ್ಷೆಯ ಹಾಗೆ ಕಾಣುತ್ತದೆ, ಉಳಿದವರು ಬೇರೆ ನಗುತ್ತಾರೆ. ಗಾಯವಾದ ಮೇಲೆ ಹುಡುಕಿದರೆ ಸಿಗುವುದೂ ಅಂಥದ್ದೇ. ಈಗಲೇ, ಯಾರಿಗೂ ಏನೂ ಆಗದಿರುವಾಗ, ಒಂದು ಪಟ್ಟಿ ಮಾಡಿ. ಒಂದೇ ಕೈಯಲ್ಲಿ ಆಗುವ ಕೆಲಸ ಯಾವುದು, ಕೂತು ಮಾಡುವುದು ಯಾವುದು, ಐದು ಕಿಲೋಗಿಂತ ಜಾಸ್ತಿ ಎತ್ತಬೇಕಿಲ್ಲದ್ದು ಯಾವುದು. ಲೇಬಲ್ ಚೆಕ್ ಮಾಡುವುದು, ಬಿಡಿಭಾಗದ ಸ್ಟಾಕ್ ಎಣಿಸುವುದು, ಹೊಸಬರಿಗೆ ಕೆಲಸ ತೋರಿಸುವುದು. ಕೊನೆಯದಕ್ಕೆ ಗಾಯವಾದ ಅನುಭವಿಗಿಂತ ಒಳ್ಳೆ ಮೇಷ್ಟ್ರು ಸಿಗುವುದಿಲ್ಲ.

ಡಾಕ್ಟರಿಗೆ ಕಳಿಸುವ ಕಾಗದದಲ್ಲಿ 'ಕೆಲಸಕ್ಕೆ ಫಿಟ್ಟಾ?' ಅಂತ ಕೇಳಬೇಡಿ. ಇವನ ಕೆಲಸ ಏನೆಂದು ಡಾಕ್ಟರಿಗೆ ಗೊತ್ತಿರುವುದಿಲ್ಲ, ಅನುಮಾನ ಬಂದರೆ 'ಇಲ್ಲ' ಅಂತಲೇ ಬರೆಯುತ್ತಾರೆ. ಎಷ್ಟು ಕಿಲೋ ಎತ್ತಬಹುದು, ಎಷ್ಟು ಹೊತ್ತು ನಿಲ್ಲಬಹುದು, ಯಾವ ಕೈ ಬಳಸಬಾರದು, ಎಂದು ಮತ್ತೆ ನೋಡುತ್ತೀರಿ ಅಂತ ಕೇಳಿ. ಅವರು ಹಾಕಿದ ಮಿತಿಯನ್ನು ಸೂಪರ್‌ವೈಸರ್ ಮೀರದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೆಲಸ. 'ಇದೊಂದು ಪೆಟ್ಟಿಗೆ ಎತ್ತಿಬಿಡು' ಅನ್ನುವ ಮಾತಿನಿಂದ ಹಳೇ ಗಾಯ ಹೊಸ ಕ್ಲೇಮ್ ಆಗುತ್ತದೆ. ಡಾಕ್ಟರ್ ಬೇಡ ಅಂದರೆ ಮಾತ್ರ ಬೇಡವೇ. ಅಂಕಿ ಚೆನ್ನಾಗಿ ಕಾಣಲಿ ಅಂತ ಕಾಲಿಗೆ ಪ್ಲಾಸ್ಟರ್ ಇರುವವನನ್ನು ಕರೆತಂದು ಹಾಜರಿ ಹಾಕಿಸುವುದು ನೀಚತನ.

ಅವತ್ತು ಸಂಜೆ ಒಬ್ಬರು ಹೋಗಿ ಮಾತಾಡಿಸಿ ಬನ್ನಿ, ಫೋನ್ ಆದರೂ ಮಾಡಿ. 'ನನ್ನನ್ನು ಯಾರೂ ಕೇಳಲಿಲ್ಲ' ಅನ್ನುವವರೇ ವಕೀಲರ ಹತ್ತಿರ ಹೋಗುವುದನ್ನು ನಾನು ನೋಡಿದ್ದೇನೆ. ಮಾಲೀಕರು ಸುಳ್ಳು ಕ್ಲೇಮ್ ಬಗ್ಗೆ ತಲೆ ಕೆಡಿಸಿಕೊಳ್ಳುವ ಸಮಯದಲ್ಲಿ ಅರ್ಧವನ್ನು ಈ ಫೋನಿಗೆ ಕೊಟ್ಟಿದ್ದರೆ ಎಷ್ಟೋ ಫೈಲು ದಪ್ಪವೇ ಆಗುತ್ತಿರಲಿಲ್ಲ.

ಇನ್ಶೂರೆನ್ಸ್: ಪೂರ್ತಿ ಅವರ ಮೇಲಾ, ಸ್ವಲ್ಪ ನಮ್ಮ ಮೇಲಾ?

ಮೊದಲು ನಿಮ್ಮ ದೇಶದ ಕಾನೂನು ನೋಡಿ, ಕೆಲವು ಕಡೆ ಆಯ್ಕೆಯೇ ಇಲ್ಲ. ಈ ವ್ಯವಸ್ಥೆ ಶುರುವಾದದ್ದೇ ಹಾಗೆ. 1884ರಲ್ಲಿ ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾಲದ ಕಾನೂನು ಅಪಘಾತ ವಿಮೆಯನ್ನು ಕಡ್ಡಾಯ ಮಾಡಿತು, ಖರ್ಚನ್ನು ಮಾಲೀಕರ ಮೇಲೆ ಹಾಕಿತು. ತಪ್ಪು ಯಾರದ್ದೆಂದು ಹುಡುಕದೆ ಪರಿಹಾರ ಕೊಡುವುದು ಇದರ ತಿರುಳು.

ಆಯ್ಕೆ ಇರುವ ಕಡೆ ಸಾಮಾನ್ಯವಾಗಿ ಮೂರು ಥರ. ಪೂರ್ತಿ ಹೊಣೆ ಇನ್ಶೂರೆನ್ಸ್ ಕಂಪನಿಗೆ ಬಿಟ್ಟು ಪ್ರೀಮಿಯಂ ಕಟ್ಟುವುದು. ಪ್ರತಿ ಕ್ಲೇಮ್‌ನಲ್ಲಿ ಮೊದಲ ಇಷ್ಟು ಮೊತ್ತ ನಾವೇ ಕೊಡುತ್ತೇವೆ ಅಂತ ಒಪ್ಪಿ ಪ್ರೀಮಿಯಂ ಇಳಿಸಿಕೊಳ್ಳುವುದು, ಇದೇ ಡಿಡಕ್ಟಿಬಲ್. ಮೂರನೆಯದು ಪೂರ್ತಿ ಸ್ವಂತ ಹೊಣೆ. ಅದು ದೊಡ್ಡವರ ಆಟ, ಒಂದೇ ವರ್ಷದಲ್ಲಿ ಎರಡು ದೊಡ್ಡ ಅಪಘಾತ ಆದರೂ ತಡೆದುಕೊಳ್ಳುವ ಶಕ್ತಿ ಇಲ್ಲದವರು ಆ ಕಡೆ ನೋಡುವುದೂ ಬೇಡ.

ಡಿಡಕ್ಟಿಬಲ್ ತೆಗೆದುಕೊಳ್ಳಬೇಕಾ ಅನ್ನುವುದಕ್ಕೆ ನಿಮ್ಮ ಹಾಳೆಯೇ ಉತ್ತರ. ಹಿಂದಿನ ಮೂರು ವರ್ಷದ ಕ್ಲೇಮ್‌ಗಳಿಗೆ ಆ ಷರತ್ತು ಹಚ್ಚಿ, ಎಷ್ಟು ಕೈಯಿಂದ ಹೋಗುತ್ತಿತ್ತು, ಎಷ್ಟು ಪ್ರೀಮಿಯಂ ಉಳಿಯುತ್ತಿತ್ತು ಅಂತ ನೋಡಿ. ಸಣ್ಣಪುಟ್ಟ ಗಾಯಗಳು ತುಂಬಾ ಇದ್ದರೆ ಸದ್ಯಕ್ಕೆ ಬೇಡ. ಮೇಲಿನದ್ದನ್ನೆಲ್ಲ ಮಾಡಿ ಅವು ಇಳಿದ ಮೇಲೆ ನೋಡೋಣ. ಇನ್ನೂ ಒಂದು ಅಪಾಯ ಇದೆ. ಸಣ್ಣ ಖರ್ಚು ನಮ್ಮದೇ ಜೇಬಿನದ್ದಾದಾಗ 'ಇಲ್ಲೇ ಮುಗಿಸಿಬಿಡೋಣ, ಬರೆಯುವುದು ಬೇಡ' ಅನ್ನುವ ಆಸೆ ಹುಟ್ಟುತ್ತದೆ. ಕೈಯಲ್ಲಿ ದುಡ್ಡು ಕೊಟ್ಟು ಮುಚ್ಚಿಟ್ಟ ಗಾಯ ಎರಡು ತಿಂಗಳ ಮೇಲೆ ಕೆಟ್ಟರೆ ಕಂಪನಿ 'ಆಗಲೇ ಯಾಕೆ ತಿಳಿಸಲಿಲ್ಲ' ಅಂತ ಕೇಳುತ್ತದೆ, ಉತ್ತರ ಇರುವುದಿಲ್ಲ.

ಹಳೆಯ ಕ್ಲೇಮ್ ನೋಡಿ ಪ್ರೀಮಿಯಂ ಹಾಕುವ ಕಡೆ ಒಂದು ದೊಡ್ಡ ಕ್ಲೇಮ್‌ಗಿಂತ ಅಷ್ಟೇ ಮೊತ್ತದ ಹತ್ತು ಸಣ್ಣ ಕ್ಲೇಮ್ ಜಾಸ್ತಿ ಹೊಡೆತ ಕೊಡಬಹುದು. ದೊಡ್ಡದೊಂದು ಗ್ರಹಚಾರ ಇರಬಹುದು, ಹತ್ತು ಸಣ್ಣವು ಆ ಜಾಗದ ಸ್ವಭಾವ ಹೇಳುತ್ತವೆ ಅನ್ನುವುದು ಅವರ ಲೆಕ್ಕ. ನಾನೂ ಒಪ್ಪುತ್ತೇನೆ.

'ನೇರ ಖರ್ಚು ಒಂದಾದರೆ ಕಾಣದ ಖರ್ಚು ನಾಲ್ಕು' ಅಂತ ಸ್ಲೈಡ್ ತೋರಿಸಿ ಏನಾದರೂ ಮಾರಲು ಬಂದರೆ ಸ್ವಲ್ಪ ತಡೆಯಿರಿ. ಅದು ನೂರು ವರ್ಷದ ಹತ್ತಿರ ಹತ್ತಿರ ಹಳೆಯ ಲೆಕ್ಕ, ಎಲ್ಲ ಜಾಗಕ್ಕೂ ಹೊಂದುವಂಥದ್ದಲ್ಲ. ನಿಮ್ಮಲ್ಲೇ ಆದ ಒಂದು ಗಾಯ ತೆಗೆದುಕೊಂಡು ಓಟಿ, ನಿಂತ ಯಂತ್ರ, ಬದಲಿ ಆಳು, ಹಾಳಾದ ಮಾಲು ಕೂಡಿಸಿ. ಮಾಲೀಕರು ನಂಬುವುದು ಆ ಅಂಕಿಯನ್ನೇ. ಮತ್ತೆ, ಯಂತ್ರಗಳನ್ನು ನೋಡಿ ಸಲಹೆ ಕೊಡುವ ಇಂಜಿನಿಯರನ್ನು ಎಷ್ಟೋ ಇನ್ಶೂರೆನ್ಸ್ ಕಂಪನಿಗಳು ಪ್ರೀಮಿಯಂ ಒಳಗೇ ಕಳಿಸುತ್ತವೆ. ಕೇಳಿದವರಿಗೆ ಮಾತ್ರ.

ಕೊನೆಗೆ, ಪಾಲಿಸಿ ರಿನ್ಯೂವಲ್‌ಗೆ ಮೂರು ತಿಂಗಳು ಇರುವಾಗ ನಿಮ್ಮ ಕ್ಲೇಮ್‌ಗಳ ಪಟ್ಟಿ ತರಿಸಿಕೊಂಡು 'ಓಪನ್' ಅಂತ ಇರುವುದನ್ನೆಲ್ಲ ಒಂದೊಂದಾಗಿ ನೋಡಿ. ಪ್ರತಿ ಓಪನ್ ಕ್ಲೇಮ್ ಎದುರು ಮುಂದೆ ಖರ್ಚಾಗಬಹುದು ಅಂತ ಕಂಪನಿ ಎತ್ತಿಟ್ಟ ಮೊತ್ತ ಇರುತ್ತದೆ, ಅದಕ್ಕೆ ರಿಸರ್ವ್ ಅನ್ನುತ್ತಾರೆ, ಪ್ರೀಮಿಯಂ ಲೆಕ್ಕಕ್ಕೆ ಅದೂ ಸೇರುತ್ತದೆ. ನಮ್ಮ ಪಟ್ಟಿಯಲ್ಲಿ ಹೀಗೆ ಒಂದು ಭುಜದ ಗಾಯ ಇತ್ತು, ಸರ್ಜರಿಗೆ ಅಂತ ದೊಡ್ಡ ಮೊತ್ತ ಎತ್ತಿಟ್ಟಿದ್ದರು. ಆ ಮನುಷ್ಯ ಸರ್ಜರಿ ಇಲ್ಲದೆಯೇ ಗುಣವಾಗಿ, ನಾನು ಆ ಸಾಲು ಓದುವಾಗ ಕಿಟಕಿಯ ಆಚೆ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಎಂಟು ತಿಂಗಳಿಂದ. ಡಾಕ್ಟರ್ ಕೊಟ್ಟ ಕೊನೆಯ ಚೀಟಿ ನಮ್ಮ ಡ್ರಾಯರ್‌ನಲ್ಲೇ ಉಳಿದಿತ್ತು, ಯಾರೂ ಕಳಿಸಿರಲಿಲ್ಲ.